ಮಳೆಗಾಲಕ್ಕೊಂದು ಸಾವಯವ ರಸಾಯನ: ಕಠಿಣ ಕೋರ್ಸನ್ನು ಮನೆಯಿಂದಲೇ ಮುಗಿಸುವುದು ಹೇಗೆ?

ಮೊದಲ ಸಲ ನಾನು ಸಾವಯವ ರಸಾಯನದ, ಅಂದರೆ ಇಂಗಾಲದ ಸಂಯುಕ್ತಗಳ ರಸಾಯನಶಾಸ್ತ್ರದ, ಈ ಆನ್‌ಲೈನ್ ಕೋರ್ಸನ್ನು ನೋಡಿ ಮುಗಿಸಿದೆ, ಓದಿ ಅಲ್ಲ. ರಾತ್ರಿ ಊಟವಾದ ಮೇಲೆ ಮಂಚಕ್ಕೆ ಒರಗಿ, ಮೊಬೈಲಿನಲ್ಲಿ ಉಪನ್ಯಾಸವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತ, ಪ್ರಾಧ್ಯಾಪಕರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ನಾಲ್ಕನೇ ವಾರದ ಅಸೈನ್‌ಮೆಂಟಿನಲ್ಲಿ ಹತ್ತಕ್ಕೆ ಮೂರು ಬಂತು, ಅದರಲ್ಲಿ ಎರಡು ಊಹೆಯ ಉತ್ತರ. ಪರೀಕ್ಷೆಗೆ ಶುಲ್ಕ ಕಟ್ಟುವ ಧೈರ್ಯವೇ ಆಗಲಿಲ್ಲ. ಮರುವರ್ಷ ಉಡುಪಿಯ ಅದೇ ಮನೆ, ಅದೇ ಮಳೆ, ಶಾಲೆಯಲ್ಲಿ ಅದೇ ಪಾಠದ ಕೆಲಸ. ಆದರೆ ಪಾಸಾದೆ. ನಡುವೆ ಏನು ಬದಲಾಯಿತು ಎಂಬುದೇ ಈ ಲೇಖನ.

ಮೊದಲು ಲೆಕ್ಕ

ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಯೋಜನೆಯ ಕೋರ್ಸುಗಳು ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಜಾಲತಾಣದಲ್ಲಿ ಸಿಗುತ್ತವೆ. ಸೇರಲು ಹಣ ಬೇಡ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಹನ್ನೆರಡು ವಾರದ ಕೋರ್ಸಿನಲ್ಲಿ ಅಸೈನ್‌ಮೆಂಟುಗಳಿಗೆ 25 ಅಂಕ, ಕೊನೆಯ ಪರೀಕ್ಷೆಗೆ 75. ಪಾಸಾಗಲು 25ಕ್ಕೆ 10 ಮತ್ತು 75ಕ್ಕೆ 30, ಎರಡೂ ಬರಬೇಕು. ಹನ್ನೆರಡು ಅಸೈನ್‌ಮೆಂಟುಗಳಲ್ಲಿ ಅತ್ಯುತ್ತಮ ಎಂಟನ್ನಷ್ಟೇ ಎಣಿಸುತ್ತಾರೆ.

ಈ ಕೊನೆಯ ಸಾಲು ಕರಾವಳಿಯವರಿಗೆ ವರದಾನ. ಜುಲೈ ಅವಧಿಯ ಕೋರ್ಸು ಅಕ್ಟೋಬರಿನವರೆಗೆ ಎಳೆಯುತ್ತದೆ. ಅಷ್ಟಮಿ, ಚೌತಿ, ನವರಾತ್ರಿ ಬಹುತೇಕ ಇದರೊಳಗೇ ಬರುತ್ತವೆ. ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವದಂದು ಉಡುಪಿಯ ರಥಬೀದಿಯ ಹತ್ತಿರ ಮನೆಯಿದ್ದವರು ಓದುತ್ತೇನೆಂದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಪಂಚಾಂಗ ಮುಂದಿಟ್ಟುಕೊಂಡು, ಯಾವ ಎರಡು ವಾರಗಳನ್ನು ಬಿಟ್ಟುಕೊಡುತ್ತೀರಿ ಎಂದು ಮೊದಲೇ ಗುರುತಿಸಿ. ಉಳಿದೆರಡನ್ನು ಜ್ವರಕ್ಕೋ ನೆಂಟರಿಗೋ ಮೀಸಲಿಡಿ.

ವಿದ್ಯುತ್ತಿನ ಮಾತು ಬೇರೆ. ಗಾಳಿಮಳೆಗೆ ತೆಂಗಿನ ಮಡಲು ತಂತಿಯ ಮೇಲೆ ಬಿತ್ತೆಂದರೆ ಕರೆಂಟು, ಇಂಟರ್‌ನೆಟ್ ಎರಡೂ ಹೋದವೆಂದೇ ಲೆಕ್ಕ. ಉಪನ್ಯಾಸಗಳ ಲಿಖಿತ ಪ್ರತಿಯನ್ನು ಮುಂಚೆಯೇ ಇಳಿಸಿಕೊಂಡು ಕಾಗದಕ್ಕೆ ಹಾಕಿಸಿ. ಅಸೈನ್‌ಮೆಂಟನ್ನು ಗಡುವಿನೊಳಗೆ ಎಷ್ಟು ಬಾರಿಯಾದರೂ ಸಲ್ಲಿಸಬಹುದು, ಕೊನೆಯದನ್ನು ಪರಿಗಣಿಸುತ್ತಾರೆ. ಆದ್ದರಿಂದ ಭಾನುವಾರವೇ ಅರ್ಧಂಬರ್ಧ ಉತ್ತರವನ್ನಾದರೂ ಒಮ್ಮೆ ಕಳುಹಿಸಿಬಿಡಿ, ಆಮೇಲೆ ತಿದ್ದಿದರಾಯಿತು.

ಇನ್ನು ಕೈಕೆಲಸ

ಸಾವಯವ ರಸಾಯನ ಕಣ್ಣಿನಿಂದ ಒಳಗೆ ಹೋಗುವ ವಿಷಯವಲ್ಲ. ಅರ್ಧ ಗಂಟೆಯ ವಿಡಿಯೊಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಗೆರೆಯಿಲ್ಲದ ನೋಟ್‌ಬುಕ್ಕು, ಪೆನ್ಸಿಲ್, ದೊಡ್ಡ ರಬ್ಬರ್ ಸಾಕು. ಪ್ರಾಧ್ಯಾಪಕರು ಕ್ರಿಯೆಯ ಮೊದಲ ಸಾಲು ಬರೆದ ಕೂಡಲೇ ವಿಡಿಯೊ ನಿಲ್ಲಿಸಿ. ಎಲೆಕ್ಟ್ರಾನ್‌ಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ತೋರಿಸುವ ಮುಂದಿನ ಬಾಣವನ್ನು ನೀವೇ ಎಳೆಯಿರಿ, ಆಮೇಲೆ ಅವರದನ್ನು ನೋಡಿ. ತಪ್ಪಾದರೆ ಅಳಿಸಬೇಡಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ರಬ್ಬರ್ ಇರುವುದು ವಕ್ರವಾದ ಬೆಂಜೀನ್ ಉಂಗುರಗಳಿಗೆ.

ಬಾಣದ ನಿಯಮ ಒಂದೇ: ಬಾಲ ಎಲೆಕ್ಟ್ರಾನ್ ಜೋಡಿ ಇರುವಲ್ಲಿ, ತುದಿ ಅದು ಹೋಗುವಲ್ಲಿ. ನಾನು ವರ್ಷವಿಡೀ ಇದನ್ನು ತಲೆಕೆಳಗಾಗಿ ಎಳೆದಿದ್ದೆ. ಧನ ಆವೇಶವೇ ಎದ್ದು ಹೋಗಿ ಎಲೆಕ್ಟ್ರಾನನ್ನು ಹುಡುಕುತ್ತದೆ ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹಾಗಲ್ಲ, ಹೊರಡುವುದು ಎಲೆಕ್ಟ್ರಾನ್.

ಅಣುಗಳ ಆಕಾರದ ಪಾಠ ಬಂದಾಗ ಹಾಳೆ ಸಾಲದು. ಮಾದರಿ ಕಟ್ಟುವ ಕಿಟ್ ಕೊಳ್ಳಬೇಕಿಲ್ಲ. ನೆನೆಸಿದ ಕಡಲೆ ಮತ್ತು ಹಿಡಿಸೂಡಿಯ ಕಡ್ಡಿ ತನ್ನಿ. ಇಂಗಾಲವೆಂದುಕೊಂಡ ಒಂದು ಕಡಲೆಗೆ ಅದರ ಬಂಧಗಳಾಗಿ ನಾಲ್ಕು ಕಡ್ಡಿಗಳನ್ನು ಒಂದಕ್ಕೊಂದು ಸಮದೂರದಲ್ಲಿ ಚುಚ್ಚಿ, ನಾಲ್ಕರ ತುದಿಗೂ ಬೇರೆ ಬೇರೆ ಕಾಳು ಸಿಕ್ಕಿಸಿ. ಕಡ್ಡಿಗಳ ನಡುವಿನ ಕೋನ ಸುಮಾರು 109.5 ಡಿಗ್ರಿ. ಅದರ ಕನ್ನಡಿ ಪ್ರತಿಬಿಂಬವನ್ನೂ ಕಟ್ಟಿ, ಒಂದನ್ನು ಹೇಗೆ ತಿರುಗಿಸಿದರೂ ಇನ್ನೊಂದರ ಮೇಲೆ ಕೂರುವುದಿಲ್ಲ. ಎರಡು ದಿನದಲ್ಲಿ ಕಡಲೆ ಮೊಳಕೆಯೊಡೆಯುತ್ತದೆ, ಅಷ್ಟರೊಳಗೆ ಅಧ್ಯಾಯ ಮುಗಿಸಿಕೊಳ್ಳಿ.

ಹೊಸ ಗುಂಪೊಂದು ಹಿಂದಿನಿಂದ ನುಗ್ಗಿ ಇಂಗಾಲಕ್ಕೆ ಅಂಟಿದ ಹಳೆಯ ಗುಂಪನ್ನು ಹೊರದಬ್ಬುವ ಎಸ್‌ಎನ್‌2 ಕ್ರಿಯೆಯನ್ನು ಮಲ್ಪೆಯ ದಾರಿಯಲ್ಲಿ ಕೊಡೆ ಹಿಡಿದು ನಡೆದವರಿಗೆ ವಿವರಿಸಬೇಕಾಗಿಲ್ಲ. ಗಾಳಿ ಒಂದೆಡೆಯಿಂದ ನುಗ್ಗಿದಾಗ ಕೊಡೆಯ ಕಡ್ಡಿಗಳೆಲ್ಲ ಮಗುಚಿಕೊಳ್ಳುತ್ತವಲ್ಲ, ಇಂಗಾಲದ ಉಳಿದ ಮೂರು ಬಂಧಗಳು ಮಗುಚುವುದೂ ಹಾಗೆಯೇ. ಆ ಮೂರೂ ಕಡೆ ದಪ್ಪ ಗುಂಪುಗಳು ತುಂಬಿಕೊಂಡಿದ್ದರೆ ಹಿಂದಿನಿಂದ ನುಗ್ಗಲು ದಾರಿಯೇ ಇಲ್ಲ. ಆಗ ಕ್ರಿಯೆ ಬೇರೆ ಹಾದಿ ಹಿಡಿಯುತ್ತದೆ.

ಸಂಯುಕ್ತಗಳ ಹೆಸರುಗಳನ್ನು ಬಾಯಿಪಾಠ ಮಾಡುವ ಬದಲು ಮನೆಯೊಳಗೇ ಅವುಗಳಿಗೆ ಜಾಗ ಹುಡುಕಿ. ಗೇರುಬೀಜ ಸುಡುವಾಗ ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟುಕೊಂಡ ನೆನಪು ನಮ್ಮೂರಿನವರಿಗೆ ಇದ್ದೇ ಇರುತ್ತದೆ. ಅದರಲ್ಲಿರುವ ಅನಾಕಾರ್ಡಿಕ್ ಆಮ್ಲವೆಂದರೆ ಹದಿನೈದು ಇಂಗಾಲಗಳ ಬಾಲ ಹೊತ್ತ ಸ್ಯಾಲಿಸಿಲಿಕ್ ಆಮ್ಲ. ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ಕಾರ್ಡನಾಲ್ ಎಂಬ ಫೀನಾಲ್ ಆಗುತ್ತದೆ. ಆರತಿಗೆ ಅರಿಸಿನ-ಸುಣ್ಣ ಬೆರೆಸಿದ ನೀರು ಕೆಂಪಾಗುವುದು ಅರಿಸಿನದಲ್ಲಿರುವ ಕರ್ಕ್ಯುಮಿನ್ ಸುಣ್ಣದಂಥ ಪ್ರತ್ಯಾಮ್ಲದಲ್ಲಿ ಪ್ರೋಟಾನ್ ಬಿಟ್ಟುಕೊಡುವುದರಿಂದ. ಈ ಎರಡು ಉದಾಹರಣೆಗಳು ನನಗೆ ಎರಡು ವಾರದ ಪಾಠವನ್ನು ನೆನಪಿನಲ್ಲಿ ಉಳಿಸಿಕೊಟ್ಟವು.

ಒಬ್ಬರು ಜೊತೆಗಿರಲಿ

ಸುರತ್ಕಲ್ಲಿನ ಗೆಳೆಯನೊಬ್ಬ ಅದೇ ಕೋರ್ಸಿಗೆ ಸೇರಿದ್ದ. ಭಾನುವಾರ ಸಂಜೆ ಫೋನಿನಲ್ಲಿ ಒಬ್ಬರು ಒಂದು ಕ್ರಿಯೆಯನ್ನು ಇನ್ನೊಬ್ಬರಿಗೆ ತುಳುವಿನಲ್ಲಿ ವಿವರಿಸಬೇಕು, ಅದೇ ಷರತ್ತು. ಇಂಗ್ಲಿಷಿನಲ್ಲಾದರೆ ಸ್ಲೈಡಿನ ವಾಕ್ಯವನ್ನೇ ಒಪ್ಪಿಸಿ ಪಾರಾಗಬಹುದು. ತುಳುವಿನಲ್ಲಿ ಅರ್ಥವಾಗದ ಜಾಗಕ್ಕೆ ಬಂದ ಕೂಡಲೇ ಮಾತು ನಿಲ್ಲುತ್ತದೆ, ಅಲ್ಲೇ ಗುರುತು ಹಾಕಿ ಹಿಂದಿರುಗಿ ಓದಬೇಕು. ಮನೆಯಲ್ಲಿ ಆಡುವ ಮಾತು ಕೊಂಕಣಿಯೋ ಬ್ಯಾರಿಯೋ ಆದರೆ ಅದರಲ್ಲೇ ಮಾಡಿ.

ಪರೀಕ್ಷೆಯ ದಿನ

ಪರೀಕ್ಷೆ ಮನೆಯಲ್ಲಲ್ಲ, ಕೇಂದ್ರದಲ್ಲಿ, ಮೂರು ಗಂಟೆ, ಕಂಪ್ಯೂಟರಿನ ಮುಂದೆ. ನನಗೆ ಸಿಕ್ಕಿದ್ದು ಮಂಗಳೂರು. ಬೆಳಗಿನ ಪಾಳಿಯಾದರೆ ಕುಂದಾಪುರದ ಕಡೆಯವರು ಹಿಂದಿನ ರಾತ್ರಿಯೇ ಬಂದು ಉಳಿಯುವುದು ಒಳ್ಳೆಯದು. ಹೆದ್ದಾರಿಯನ್ನು ನಂಬಿ ಬೆಳಗ್ಗೆ ಹೊರಡಬೇಡಿ. ಪ್ರವೇಶ ಪತ್ರ ಮತ್ತು ಗುರುತಿನ ಚೀಟಿಯ ಮೂಲಪ್ರತಿ ಕೈಯಲ್ಲಿರಲಿ. ಕಚ್ಚಾ ಕೆಲಸಕ್ಕೆ ಹಾಳೆ ಸಿಕ್ಕ ಕೂಡಲೇ, ಪ್ರಶ್ನೆ ಓದುವ ಮೊದಲು, ಪ್ರೋಟಾನ್ ಎಷ್ಟು ಸುಲಭವಾಗಿ ಬಿಟ್ಟುಕೊಡುತ್ತದೆ ಎಂದು ಹೇಳುವ ಪಿಕೆಎ ಮೌಲ್ಯಗಳನ್ನು (ಸಂಖ್ಯೆ ಚಿಕ್ಕದಾದಷ್ಟೂ ಆಮ್ಲ ಪ್ರಬಲ) ಒಂದು ಮೂಲೆಯಲ್ಲಿ ಬರೆದಿಡಿ: ಅಸಿಟಿಕ್ ಆಮ್ಲ 4.8, ಫೀನಾಲ್ 10, ಎಥನಾಲ್ 16. ಯಾವುದು ಯಾವುದರಿಂದ ಪ್ರೋಟಾನ್ ಕಸಿಯುತ್ತದೆ ಎಂಬ ಪ್ರಶ್ನೆ ಬಂದಾಗಲೆಲ್ಲ ನನ್ನ ಕಣ್ಣು ಆ ಮೂಲೆಗೇ ಹೋಗುತ್ತಿತ್ತು.