ಪಿಂಚಣಿ ನಿಂತಾಗ ನಾನು ಮೊದಲು ನೋಡುವುದು

ನಾನು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ವಿಆರ್‌ಡಬ್ಲ್ಯೂ ಅಂದರೆ ಬೇಗ ಗೊತ್ತಾಗುತ್ತದೆ. ಚಿಕ್ಕವನಿದ್ದಾಗ ಪೋಲಿಯೋ ಆಗಿ ನನಗೂ ಒಂದು ಕಾಲಿಗೆ ಬಲವಿಲ್ಲ. ನಮ್ಮ ಪಂಚಾಯಿತಿಯ ಅಂಗವಿಕಲರ ಪಿಂಚಣಿ, ಯುಡಿಐಡಿ ಕಾರ್ಡು ಅಂದರೆ ಅಂಗವಿಕಲರ ಗುರುತಿನ ಚೀಟಿ, ಇವುಗಳ ಓಡಾಟವೇ ನನ್ನ ಕೆಲಸ.

ಸರ್ಕಾರ ನಿಯಮ ಬದಲಿಸಿದ್ದು ನಮ್ಮೂರಿಗೆ ತಿಳಿಯುವುದು ಒಂದೇ ಮಾತಿನಿಂದ. ‘ಈ ತಿಂಗಳು ಸಂಬಳ ಬಂದಿಲ್ಲ ಕಣಪ್ಪ.’ ಸಂಬಳ ಅಂದರೆ ಇಲ್ಲಿ ಪಿಂಚಣಿ. ಯಾಕೆ ಬಂದಿಲ್ಲ ಅಂತ ಒಂದು ಮೆಸೇಜೂ ಇರುವುದಿಲ್ಲ. ಆಗ ಮನೆಯವರು ಗಾಬರಿಯಿಂದ ನಾಡಕಚೇರಿಗೆ ಹೋಗಿ ಹೊಸ ಅರ್ಜಿ ಹಾಕಲು ನಿಲ್ಲುತ್ತಾರೆ. ಸ್ವಲ್ಪ ತಡೆಯಿರಿ ಅನ್ನುತ್ತೇನೆ. ಹಣ ನಿಜಕ್ಕೂ ನಿಂತಿದೆಯಾ, ಬೇರೆ ಕಡೆ ಹೋಗುತ್ತಿದೆಯಾ? ಮೊದಲು ಅದು ಗೊತ್ತಾಗಬೇಕು.

ಹಿಂದೆ ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಮನಿಯಾರ್ಡರ್ ತಂದುಕೊಡುತ್ತಿದ್ದರು. ಈಗ ಡಿಬಿಟಿ, ಅಂದರೆ ಹಣ ನೇರವಾಗಿ ಬ್ಯಾಂಕ್ ಖಾತೆಗೆ. ಆಧಾರ್‌ಗೆ ಕೊನೆಯದಾಗಿ ಯಾವ ಖಾತೆ ಜೋಡಣೆ ಆಗಿದೆಯೋ ಹಣ ಅಲ್ಲಿಗೇ ಬೀಳುತ್ತದೆ. ನಮ್ಮಲ್ಲಿ ಕಣ್ಣು ಕಾಣದ ಒಬ್ಬ ಅಕ್ಕ ಇದ್ದಾರೆ. 2023ರಲ್ಲಿ ಗೃಹಲಕ್ಷ್ಮಿ ಬಂದಾಗ ಹೊಸ ಖಾತೆ ಮಾಡಿಸಿದರು. ಅವತ್ತಿನಿಂದ ಪಿಂಚಣಿಯೂ ಅದೇ ಖಾತೆಗೆ ಹೋಗತೊಡಗಿತ್ತು. ಅವರು ಮಾತ್ರ ತಿಂಗಳು ತಿಂಗಳೂ ಮಗಳ ಕೈ ಹಿಡಿದುಕೊಂಡು ಹಳೆ ಬ್ಯಾಂಕಿಗೇ ಹೋಗಿ, ‘ಬಂದಿಲ್ಲಮ್ಮ’ ಅನ್ನಿಸಿಕೊಂಡು ಬರುತ್ತಿದ್ದರು. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡೋಣ ಅಂದರೆ ಓಟಿಪಿ ಬೇಕು. ಆಧಾರ್‌ನಲ್ಲಿದ್ದದ್ದು ಅವರ ತಮ್ಮ ಎಂದೋ ಬಿಟ್ಟ ನಂಬರ್. ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಮಗಳ ನಂಬರ್ ಹಾಕಿಸಿದೆ. ಆಮೇಲೆ ನೋಡಿದರೆ ಪಿಂಚಣಿ ಒಂದು ತಿಂಗಳೂ ತಪ್ಪಿರಲಿಲ್ಲ. ಅಕ್ಕ ಅಷ್ಟೂ ದಿನ ಅಂಗಡಿಯಲ್ಲಿ ಸಾಲ ಬರೆಸಿಕೊಂಡು ಬದುಕಿದ್ದರು.

ಬೆರಳಚ್ಚಿನದು ಇನ್ನೊಂದು ಪಾಡು. ಕುಷ್ಠರೋಗ ವಾಸಿಯಾದ ಒಬ್ಬರು ತಾತನಿಗೆ ಬೆರಳುಗಳೇ ಸವೆದಿವೆ. ಹಣ ಕೊಡುವ ಯಂತ್ರದ ಮೇಲೆ ಎಷ್ಟು ಒತ್ತಿದರೂ ಕೆಂಪು ದೀಪ. ಇಂಥವರಿಗಾಗಿ ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಹೆಬ್ಬೆಟ್ಟು ಆಗದಿದ್ದರೆ ಕಾಲ್ಬೆರಳ ಗುರುತು ತೆಗೆದುಕೊಳ್ಳಬಹುದು. ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು. ಅದರ ಪ್ರತಿ ನನ್ನ ಚೀಲದಲ್ಲಿ ಸದಾ ಇರುತ್ತದೆ. ಬಾಯಲ್ಲಿ ಹೇಳಿದರೆ ಕೌಂಟರಿನಲ್ಲಿ ವಾದ ಬೆಳೆಯುತ್ತದೆ, ಕಾಗದ ಮುಂದಿಟ್ಟರೆ ಮ್ಯಾನೇಜರ್ ಓದಿ ನೋಡುತ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದು ಅಂಗವೈಕಲ್ಯದ ವಿಧಗಳು 7ರಿಂದ 21ಕ್ಕೆ ಏರಿದವು. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಇರುವ ಮಗುವಿಗೂ ಪ್ರಮಾಣಪತ್ರ ಸಿಗುವಂತಾಯಿತು. ಇದು ನಿಜಕ್ಕೂ ದೊಡ್ಡ ಒಳ್ಳೆಯದು. ಆದರೆ 2021ರ ಜೂನ್‌ನಿಂದ ಪ್ರಮಾಣಪತ್ರವೆಲ್ಲ ಯುಡಿಐಡಿ ಪೋರ್ಟಲ್ ಮೂಲಕವೇ. ಮತ್ತೆ ತಪಾಸಣೆಗೆ ಹೋದವರಲ್ಲಿ ಕೆಲವರ ಶೇಕಡಾವಾರು ಕೆಳಗಿಳಿಯಿತು. ಶೇ 75ರ ಗೆರೆ ದಾಟಿ ಕೆಳಗೆ ಬಂದರೆ 1,400 ರೂಪಾಯಿ ಇದ್ದದ್ದು 800 ಆಗುತ್ತದೆ. ಕಾಲು ಮಾತ್ರ ಹಾಗೇ ಇದೆ, ಅಲ್ವಾ? ಅಂಥವರಿಗೆ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಹಾಕಿಸುತ್ತೇನೆ. ಹಳೆಯ ಪ್ರಮಾಣಪತ್ರ, ಆಸ್ಪತ್ರೆ ಚೀಟಿ ಯಾವುದನ್ನೂ ಎಸೆಯಬೇಡಿ ಅಂತ ಮನೆಮನೆಗೂ ಹೇಳುವುದು ಇದಕ್ಕೇ.

ಜಾಸ್ತಿ ಸಂಕಟವಾಗುವುದು ಬದಲಾಗದ ವಿಷಯಕ್ಕೆ. ಶೇ 80 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಬಡವರಿಗೆ ಕೇಂದ್ರ ಕೊಡುವ ಪಾಲು 2012ರಿಂದ 300 ರೂಪಾಯಿಯಲ್ಲೇ ನಿಂತಿದೆ. ಅದೇ 2016ರ ಕಾಯ್ದೆಯ 24ನೇ ಸೆಕ್ಷನ್ ಏನು ಹೇಳುತ್ತದೆ ಗೊತ್ತಾ? ಬೇರೆಯವರಿಗಿರುವ ಇಂಥದ್ದೇ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25 ಹೆಚ್ಚು ಕೊಡಬೇಕು. ವೃದ್ಧರಿಗೆ ರಾಜ್ಯ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ 1,200 ರೂಪಾಯಿ ಇರುವಾಗ ಆ ಲೆಕ್ಕಕ್ಕೆ 1,500 ಆಗಬೇಕು. ಅಂಗವಿಕಲರ ವಿಶೇಷ ಗ್ರಾಮಸಭೆಯಲ್ಲಿ ಈ ಲೆಕ್ಕವನ್ನು ಸೆಕ್ಷನ್ ನಂಬರ್ ಸಮೇತ ಠರಾವಿನಲ್ಲಿ ಬರೆಸುತ್ತೇನೆ. ಸುಮ್ನೆ ಮನವಿ ಅಂತ ಬರೆಸುವುದಿಲ್ಲ. ನಿಮ್ಮ ಪಂಚಾಯಿತಿಯಲ್ಲೂ ಬರೆಸಿ, ಠರಾವಿನ ನಕಲು ಕೇಳಿ ಪಡೆಯಿರಿ.