ಬೇಳೆಕಟ್ಟು ಅಲ್ಲ, ಬೇಳೆಯೇ ಇರಲಿ: ಮಗಳಿಗೆ ಮೊದಲ ಊಟ ಮಾಡಿಕೊಟ್ಟ ನನ್ನ ಅನುಭವ

ಮಗುವಿಗೆ ಆರು ತಿಂಗಳು ತುಂಬುತ್ತಾ ಬಂದ ಹಾಗೆ ಮನೆಗೆ ಬಂದವರೆಲ್ಲ ಒಂದೇ ಥರ ಸಲಹೆ ಕೊಡುತ್ತಾರೆ. ಬೇಳೆಕಟ್ಟು ಕುಡಿಸು, ಗಂಜಿ ತಿಳಿ ಕುಡಿಸು, ರಾಗಿ ಸರಿ ತೆಳ್ಳಗೆ ಮಾಡಿ ಕುಡಿಸು. ಎಲ್ಲದರಲ್ಲೂ "ಕುಡಿಸು" ಅನ್ನುವುದೇ ಇರುತ್ತದೆ. ಪ್ರೀತಿಯಿಂದ ಹೇಳುವ ಮಾತು, ಬೇಜಾರಿಲ್ಲ. ಆದರೆ ನನ್ನ ಮಗಳಿಗೆ ನಾನು ಕುಡಿಸಲಿಲ್ಲ, ತಿನ್ನಿಸಿದೆ. ಅದು ಹೇಗೆ, ಯಾಕೆ ಅಂತ ಬರೆಯುತ್ತೇನೆ.

ಈ ವಯಸ್ಸಿನ ಮಗು ಒಂದು ಹೊತ್ತಿಗೆ ತಿನ್ನುವುದೇ ಮೊದಮೊದಲು ಎರಡು ಮೂರು ಚಮಚ. ಆಮೇಲಾಮೇಲೆ ಅರ್ಧ ಬಟ್ಟಲು. ಎದೆಹಾಲಿನ ಜೊತೆಗೆ 6ರಿಂದ 8 ತಿಂಗಳ ಮಗುವಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಮೇಲಿನ ಊಟದಿಂದ ಸಿಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. 9ರಿಂದ 11 ತಿಂಗಳಲ್ಲಿ ಅದು 300 ಆಗುತ್ತದೆ. ಅಷ್ಟು ಚಿಕ್ಕ ಹೊಟ್ಟೆಗೆ ಬೇಳೆ ಬೇಯಿಸಿದ ನೀರನ್ನು ತುಂಬಿಸಿದರೆ ಬೇಳೆಗೆ ಜಾಗ ಎಲ್ಲಿ ಉಳಿಯುತ್ತದೆ? ಮಗು ಹೊಟ್ಟೆ ತುಂಬಿ ಮಲಗುತ್ತದೆ, ತೂಕ ಮಾತ್ರ ಏರುವುದಿಲ್ಲ.

ಇನ್ನೊಂದು ವಿಷಯ ಕಬ್ಬಿಣದ ಅಂಶದ್ದು. ಹುಟ್ಟುವಾಗ ತಾಯಿಯಿಂದ ಪಡೆದುಕೊಂಡು ಬಂದ ಕಬ್ಬಿಣ ಆರು ತಿಂಗಳ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಎದೆಹಾಲಿನಲ್ಲಿ ಅದು ಇರುವುದೇ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. ಮೂರರಲ್ಲಿ ಎರಡು ಮಕ್ಕಳು! ಇದನ್ನು ಓದಿದ ಮೇಲೆ ಚಮಚದಲ್ಲಿ ಏನಿದೆ ಅಂತ ನೋಡದೆ ಬಾಯಿಗಿಡಲು ನನಗೆ ಮನಸ್ಸೇ ಬರಲಿಲ್ಲ.

ಶುರು ಮಾಡುವ ಮೊದಲು ತಿಂಗಳ ಲೆಕ್ಕದ ಜೊತೆಗೆ ಮಗುವನ್ನೂ ನೋಡಿದೆ. ಕತ್ತು ಗಟ್ಟಿಯಾಗಿ ನಿಂತಿತ್ತು. ಆನಿಸಿ ಕೂರಿಸಿದರೆ ಕೂರುತ್ತಿದ್ದಳು. ನಮ್ಮ ತಟ್ಟೆಗೆ ಕೈ ಚಾಚುತ್ತಿದ್ದಳು. ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ತಳ್ಳುವುದು ಕಡಿಮೆಯಾಗಿತ್ತು. ಇಷ್ಟು ಸಾಕು.

ಇನ್ನು ರಾಗಿ. ನಮ್ಮಮ್ಮ ತಿಪಟೂರು ಕಡೆಯವರು, ಅತ್ತೆ ಉಡುಪಿಯವರು. ಇಬ್ಬರ ಮನೆಯಲ್ಲೂ ಮಗುವಿನ ಮೊದಲ ಊಟ ರಾಗಿಯೇ. ದಾರಿ ಮಾತ್ರ ಬೇರೆ. ಅತ್ತೆ ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು ಮಣ್ಣಿ ಕಾಯಿಸುತ್ತಾರೆ. ಅಮ್ಮ ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡುತ್ತಾರೆ. ನಾನು ಅಮ್ಮನ ದಾರಿ ಹಿಡಿದೆ. ಮಣ್ಣಿ ನಯವಾಗಿರುತ್ತದೆ, ರುಚಿಯೂ ಚೆನ್ನ. ಆದರೆ ರಾಗಿಯ ಕ್ಯಾಲ್ಸಿಯಂ ಸಿಪ್ಪೆಯಲ್ಲೇ ಜಾಸ್ತಿ ಇರುವುದು. ಹಿಂಡಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಚರಟದ ಜೊತೆ ಅದೂ ಹೋಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ 10 ಕೂಡ ಇಲ್ಲ. ಅಂಥದ್ದನ್ನು ಬಿಸಾಡಲು ಮನಸ್ಸು ಬರುವುದಿಲ್ಲ, ಅಲ್ವಾ?

ಒಂದು ಸಲಕ್ಕೆ ಒಂದು ಕೆಜಿ ರಾಗಿ ತೆಗೆದುಕೊಳ್ಳುತ್ತಿದ್ದೆ. ಮೊದಲು ಮೊರದಲ್ಲಿ ಕೇರಿ ಹೊಟ್ಟು, ಧೂಳು ತೆಗೆಯುವುದು. ಆಮೇಲೆ ನೀರಿನಲ್ಲಿ ಗಾಳಿಸುವುದು. ಇದನ್ನು ಅವಸರದಲ್ಲಿ ಮಾಡಬೇಡಿ. ಅಗಲ ಪಾತ್ರೆಯಲ್ಲಿ ನೀರು ಹಾಕಿ ಕೈಯಿಂದ ಸುತ್ತಿಸಿದರೆ ಜೊಳ್ಳು ಮೇಲೆ ಬರುತ್ತದೆ, ಮರಳು ತಳ ಸೇರುತ್ತದೆ. ನೀರು ತಿಳಿಯಾಗುವವರೆಗೂ ತೊಳೆಯಬೇಕು. ಮೊದಲ ನೀರು ಕೆಂಪಗೆ ಮಣ್ಣು ಮಣ್ಣಾಗಿ ಬಂದರೆ ಹೆದರಬೇಡಿ, ಅದು ಹಾಗೇ.

ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ತೆಳು ಪಂಚೆ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ಇಡುತ್ತೇನೆ. ಬಟ್ಟೆ ಒಣಗದ ಹಾಗೆ ಆಗಾಗ ನೀರು ಚಿಮುಕಿಸಬೇಕು. ಬಿಗಿಯಾಗಿ ಕಟ್ಟಿದರೆ ಒಳಗೆ ಬಿಸಿಯಾಗಿ ಹುಳಿ ವಾಸನೆ ಬರುತ್ತದೆ. ಅಂಥ ರಾಗಿ ಮಗುವಿಗೆ ಬೇಡವೇ ಬೇಡ. ಬೇಸಿಗೆಯಲ್ಲಿ ಒಂದು ದಿನ, ಬೆಂಗಳೂರಿನ ಚಳಿಗೆ ಇನ್ನೊಂದಿಷ್ಟು ಹೊತ್ತು. ಸಣ್ಣ ಬಿಳಿ ಮೊಳಕೆ ಕಂಡರೆ ಆಯಿತು, ಉದ್ದ ಬೆಳೆಯಲು ಬಿಡಬಾರದು. ಆಮೇಲೆ ಫ್ಯಾನಿನ ಕೆಳಗೆ ನೀರು ಆರಿಸಿ, ಮೇಲೆ ತೆಳು ಬಟ್ಟೆ ಹೊದಿಸಿ ಬಿಸಿಲಿಗೆ ಹರಡುವುದು. ಚೆನ್ನಾಗಿ ಒಣಗಿದ ಮೇಲೆ ಎರಡೂ ಅಂಗೈ ನಡುವೆ ಉಜ್ಜಿದರೆ ಮೊಳಕೆ ಉದುರುತ್ತದೆ. ಕೇರಿದರೆ ಹಾರಿಹೋಗುತ್ತದೆ.

ಹುರಿಯುವುದರಲ್ಲಿ ಜನ ಜಾಸ್ತಿ ಉತ್ಸಾಹ ತೋರಿಸುತ್ತಾರೆ. ನಾನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಘಮ ಶುರುವಾಗುತ್ತಿದ್ದಂತೆ ಇಳಿಸುತ್ತೇನೆ. ಇದಕ್ಕೆ ಕಾರಣ ಇದೆ. ಮೊಳಕೆ ಬರುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಸಣ್ಣ ಸಣ್ಣ ತುಂಡು ಮಾಡುತ್ತದೆ. ಕಪ್ಪಗಾಗುವವರೆಗೆ ಹುರಿದರೆ ಆ ಕಿಣ್ವ ಸತ್ತುಹೋಗುತ್ತದೆ, ಮೊಳಕೆ ಕಟ್ಟಿದ ಅರ್ಧ ಶ್ರಮ ವ್ಯರ್ಥ.

ಈ ಕಿಣ್ವದ ಕೆಲಸವನ್ನು ಒಲೆಯ ಮೇಲೆಯೇ ನೋಡಬಹುದು. ಒಂದು ದಿನ ಎರಡು ಪುಟ್ಟ ಪಾತ್ರೆ ಅಕ್ಕಪಕ್ಕ ಇಟ್ಟೆ. ಒಂದರಲ್ಲಿ ಮಾಮೂಲಿ ರಾಗಿ ಹಿಟ್ಟು, ಇನ್ನೊಂದರಲ್ಲಿ ಮೊಳಕೆ ಹಿಟ್ಟು. ಎರಡಕ್ಕೂ ಎರಡೆರಡು ಚಮಚ ಹಿಟ್ಟು, ಒಂದೇ ಅಳತೆ ತಣ್ಣೀರು. ಗಂಟಿಲ್ಲದಂತೆ ಕದಡಿ ಸಣ್ಣ ಉರಿಯಲ್ಲಿ ತಿರುವುತ್ತಾ ಹೋದೆ. ಮಾಮೂಲಿ ಹಿಟ್ಟು ಬಿಸಿಯಾಗುತ್ತಿದ್ದಂತೆ ಬಿಗಿಯಾಯಿತು, ಸೌಟು ಎಳೆಯಲು ಶುರುವಾಯಿತು. ಮೊಳಕೆ ಹಿಟ್ಟು ಸ್ವಲ್ಪ ಗಟ್ಟಿಯಾದ ಹಾಗೆ ಕಂಡು, ನೋಡನೋಡುತ್ತಲೇ ಸಡಿಲವಾಯಿತು. ಬಣ್ಣ ಗಾಢವಾಯಿತು, ಮೇಲೆ ಹೊಳಪು ಬಂತು, ಆದರೆ ಚಮಚ ಓರೆ ಮಾಡಿದರೆ ಸಲೀಸಾಗಿ ಜಾರುತ್ತಿತ್ತು. ಅದನ್ನು ಗಟ್ಟಿ ಮಾಡಲು ಇನ್ನೂ ಹಿಟ್ಟು ಹಾಕಬೇಕಾಯಿತು. ಅಂದರೆ ಅಷ್ಟೇ ಬಟ್ಟಲಿನಲ್ಲಿ, ಮಗು ನುಂಗಬಲ್ಲ ಅದೇ ಹದದಲ್ಲಿ, ಹೆಚ್ಚು ಕಡಿಮೆ ಎರಡರಷ್ಟು ರಾಗಿ! ಮೊಳಕೆ ಕಟ್ಟುವುದರಿಂದ ಕಬ್ಬಿಣ ಹೀರದಂತೆ ತಡೆಯುವ ಫೈಟೇಟ್ ಕೂಡ ಕಡಿಮೆಯಾಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಮೊಳಕೆ ರಾಗಿಗೆ ಮೊಳಕೆ ಹೆಸರುಕಾಳು ಸೇರಿಸಿ ಮಕ್ಕಳ ಆಹಾರ ಮಾಡುವ ಬಗ್ಗೆ 1980ರ ದಶಕದಲ್ಲೇ ಕೆಲಸ ಮಾಡಿದ್ದಾರೆ. ನಮ್ಮ ಅಜ್ಜಿಯರು ಅದಕ್ಕೂ ಎಷ್ಟೋ ಮೊದಲಿನಿಂದ ಕೈಯಳತೆಯಲ್ಲೇ ಮಾಡಿಕೊಂಡು ಬಂದಿದ್ದಾರೆ.

ಹಿಟ್ಟನ್ನು ಮನೆಯಲ್ಲೇ ಮಿಕ್ಸಿಯಲ್ಲಿ ಮಾಡಿಕೊಂಡೆ. ಗಿರಣಿಯಲ್ಲಿ ಮೊದಲು ಏನು ಬೀಸಿರುತ್ತಾರೋ, ಅದರದ್ದೂ ಒಂದಿಷ್ಟು ನಮ್ಮ ಹಿಟ್ಟಿಗೆ ಸೇರುತ್ತದೆ. ಖಾರದಪುಡಿ ಬೀಸಿದ ಮೇಲೆ ನಮ್ಮ ಸರದಿ ಬಂದರೆ ಕಷ್ಟ. ಗಿರಣಿಗೆ ಕೊಡುವುದೇ ಆದರೆ ರಾಗಿ ಬೀಸುವ ದಿನ ನೋಡಿ ಕೊಡಿ. ಶುರುವಿನಲ್ಲಿ ಪಾತ್ರೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ, ಮೇಲೆ ಹಿಟ್ಟು ಹಾಕಿ ಕೈಯಾಡಿಸಿ ಇಳಿಸಿಕೊಂಡೆ. ಅವಳಿಗೆ ಒಗ್ಗಿದ ಮೇಲೆ ಸಣ್ಣ ಕಣ್ಣಿನ ಜರಡಿಗೆ ಬಂದೆ, ಸಿಪ್ಪೆಯ ಅಂಶ ಸ್ವಲ್ಪ ಉಳಿಯಲಿ ಅಂತ. ಒಂದು ತಿಂಗಳಿಗೆ ಆಗುವಷ್ಟೇ ಮಾಡಿ ಒಣ ಸ್ಟೀಲ್ ಡಬ್ಬಿಯಲ್ಲಿ ಇಡುವುದು ಒಳ್ಳೆಯದು. ಡಬ್ಬಿಗೆ ಒದ್ದೆ ಚಮಚ ಹಾಕಬೇಡಿ.

ರಾಗಿ ಸರಿ ಬೆಂದಿದೆಯೋ ಇಲ್ಲವೋ ಅಂತ ನೋಡಲು ಮೂಗು ಸಾಕು. ಹಸಿ ವಾಸನೆ ಪೂರ್ತಿ ಹೋಗಬೇಕು. ನನಗೆ ಏಳೆಂಟು ನಿಮಿಷ ಹಿಡಿಯುತ್ತಿತ್ತು. ಇಳಿಸಿದ ಮೇಲೆ ಅರ್ಧ ಚಮಚ ತುಪ್ಪ. ತುಪ್ಪ ರುಚಿಗಷ್ಟೇ ಅಲ್ಲ, ಚಿಕ್ಕ ಬಟ್ಟಲಿನಲ್ಲಿ ಶಕ್ತಿ ತುಂಬುವ ಸುಲಭ ಉಪಾಯ.

ಹದದ ವಿಷಯಕ್ಕೆ ಮನೆಯಲ್ಲಿ ಮಾತುಕತೆ ಆಯಿತು. "ಅಷ್ಟು ಗಟ್ಟಿ ಕೊಟ್ರೆ ಗಂಟಲಲ್ಲಿ ಸಿಕ್ಕೊಳ್ಳಲ್ವೇನೇ? ಒಳಲೆಯಲ್ಲಿ ಹಾಕು, ನಾನು ಕಾಲ ಮೇಲೆ ಮಲಗಿಸ್ಕೊಂಡು ಕುಡಿಸ್ತೀನಿ" ಅಂದರು ಅಮ್ಮ. ಒಳಲೆ ಅಂದರೆ ಮಕ್ಕಳಿಗೆ ಕುಡಿಸುವ, ಕೊಕ್ಕಿನಂಥ ಬಾಯಿಯ ಪುಟ್ಟ ಪಾತ್ರೆ. ನನ್ನನ್ನೂ ಹಾಗೇ ಬೆಳೆಸಿದವರು ಅವರು. "ಮಲಗಿಸಿ ಸುರಿದ್ರೆ ನೆತ್ತಿಗೆ ಹತ್ತತ್ತಮ್ಮ. ಕೂರಿಸಿ ಚಮಚದಲ್ಲಿ ಕೊಟ್ಟು ನೋಡೋಣ, ನೀವೇ ಕೊಡಿ" ಅಂದೆ. ಅಮ್ಮನೇ ತೊಡೆಯ ಮೇಲೆ ಕೂರಿಸಿಕೊಂಡು ಚಮಚದ ತುದಿಯಲ್ಲಿ ಕೊಟ್ಟರು. ಮಗಳು ಬಾಯಿ ಚಪ್ಪರಿಸಿದಳು, ಅರ್ಧ ಗಲ್ಲಕ್ಕೆ ಬಂತು, ಅರ್ಧ ಒಳಗೆ ಹೋಯಿತು. ಒಳಲೆ ಈಗ ದೇವರ ಕೋಣೆಯ ಕಪಾಟಿನಲ್ಲಿದೆ. ಹಾಲಿನ ಬಾಟಲಿಗೆ ಸರಿ ತುಂಬಿಸಿ, ನಿಪ್ಪಲ್ ತೂತು ದೊಡ್ಡದು ಮಾಡಿ ಕುಡಿಸುವುದೂ ಇದೆ. ದಯವಿಟ್ಟು ಬೇಡ. ಅಗಿಯಲು, ನಾಲಿಗೆ ಆಡಿಸಲು ಕಲಿಯುವ ವಯಸ್ಸು ಇದು. ಬಾಟಲಿ ತೊಳೆಯುವುದೂ ಕಷ್ಟ.

ರಾಗಿ ಎಷ್ಟೇ ಒಳ್ಳೆಯದಾದರೂ ರಾಗಿಯೊಂದರಿಂದಲೇ ಎಲ್ಲ ಆಗುವುದಿಲ್ಲ. ಎರಡನೆಯದಾಗಿ ಶುರು ಮಾಡಿದ್ದು ಅಕ್ಕಿ-ಹೆಸರುಬೇಳೆ. ಎರಡು ಪಾಲು ಅಕ್ಕಿಗೆ ಒಂದು ಪಾಲು ಬೇಳೆ, ಚಿಟಿಕೆ ಅರಿಶಿನ, ಒಂದಿಷ್ಟು ಜೀರಿಗೆ. ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ ಕಡೆದು, ತುಪ್ಪ ಹಾಕಿ, ಕೊನೆಗೆ ಎರಡು ಹನಿ ನಿಂಬೆರಸ. ಬೇಳೆ, ಸೊಪ್ಪಿನ ಕಬ್ಬಿಣವನ್ನು ದೇಹ ಅಷ್ಟು ಸುಲಭವಾಗಿ ಹೀರುವುದಿಲ್ಲ. ನಿಂಬೆಯ ವಿಟಮಿನ್ ಸಿ ಅದಕ್ಕೆ ನೆರವಾಗುತ್ತದೆ. ಇದರ ಜೊತೆಗೇ ಕೆಲವು ದಿನ ಸಿಹಿಗುಂಬಳ, ಆಮೇಲೆ ಕ್ಯಾರೆಟ್, ಅದಾದ ಮೇಲೆ ಎಳೆ ನುಗ್ಗೆಸೊಪ್ಪು ಬೇಯಿಸಿ ಮಸೆದು ಸೇರಿಸಿದೆ. ಹಣ್ಣಿಗೆ ಏಲಕ್ಕಿ ಬಾಳೆ, ಪಪ್ಪಾಯ, ಬೆಣ್ಣೆಹಣ್ಣು. ಬಾಳೆಹಣ್ಣು ತಿಂದು ಮಲ ಗಟ್ಟಿಯಾದಾಗ ಪಪ್ಪಾಯ ಕೈಹಿಡಿಯಿತು.

ನಾವು ಮಾಂಸ ತಿನ್ನುವವರು, ಹಾಗಾಗಿ ಮೊಟ್ಟೆ ಬೇಗ ಶುರು ಮಾಡಿದೆ. ಗಟ್ಟಿಯಾಗಿ ಬೇಯಿಸಿ, ಹಳದಿ ಬಿಳಿ ಎರಡನ್ನೂ ಮಸೆದು ಎದೆಹಾಲಿನಲ್ಲಿ ಸಡಿಲ ಮಾಡಿ ಕೊಟ್ಟೆ. ಕೋಳಿ ಲಿವರ್ ವಾರಕ್ಕೊಂದು ಸಲ, ಎರಡು ಚಮಚದಷ್ಟು, ಪೂರ್ತಿ ಬೇಯಿಸಿ ಅನ್ನದ ಜೊತೆ ಕಿವುಚಿ. ಕಬ್ಬಿಣಕ್ಕೆ ಅದಕ್ಕಿಂತ ಒಳ್ಳೆಯದು ನಮ್ಮ ಅಡುಗೆಮನೆಯಲ್ಲಿಲ್ಲ. ವಿಟಮಿನ್ ಎ ತುಂಬಾ ಇರುವುದರಿಂದ ದಿನಾ ಕೊಡುವುದು ಬೇಡ. ಸಸ್ಯಾಹಾರಿ ಮನೆಯವರು ಬೇಳೆಕಾಳು, ಹುರಿಗಡಲೆ ಪುಡಿ, ಸೊಪ್ಪನ್ನು ಬಿಡದೆ ದಿನಾ ಹಾಕಬೇಕಾಗುತ್ತದೆ. ಮೊಟ್ಟೆಯನ್ನಾದರೂ ಒಪ್ಪಿದರೆ ಕೆಲಸ ಎಷ್ಟೋ ಹಗುರ.

ಒಂದು ಮಾತು ಬಿಡಿಸಿ ಹೇಳಬೇಕು. ಈಗ ಎಲ್ಲರೂ ಬಾದಾಮಿ, ಗೋಡಂಬಿ, ಪಿಸ್ತಾ, ಕಡಲೆಕಾಯಿ, ಗೋಧಿ, ನಾನಾ ಕಾಳು ಎಲ್ಲ ಒಟ್ಟಿಗೆ ಹುರಿದು ಒಂದೇ ಪುಡಿ ಮಾಡುತ್ತಾರೆ. ಪಟ್ಟಿ ಉದ್ದವಾದಷ್ಟೂ ಪೌಷ್ಟಿಕ ಅನ್ನುವ ನಂಬಿಕೆ. ಆದರೆ ಮಗುವಿನ ಮೈಮೇಲೆ ದದ್ದು ಎದ್ದರೆ ಯಾವುದರಿಂದ ಅಂತ ಹೇಗೆ ಗೊತ್ತಾಗುತ್ತದೆ? ನಾನು ಹುರಿಗಡಲೆ ಪುಡಿಗೆ ಒಂದು ಡಬ್ಬಿ, ಕಡಲೆಕಾಯಿ ಪುಡಿಗೆ ಒಂದು ಡಬ್ಬಿ, ಹೀಗೆ ಬೇರೆ ಬೇರೆ ಇಟ್ಟೆ. ಹೊಸದೊಂದನ್ನು ಕೊಟ್ಟರೆ ಮೂರು ದಿನ ಇನ್ನೊಂದು ಹೊಸದು ಇಲ್ಲ. ಸರಿ ಅನ್ನಿಸಿದ ಮೇಲೆ ರಾಗಿ ಸರಿಗೆ ಒಂದೊಂದು ಚಮಚ. ಕಡಲೆಕಾಯಿ, ಬಾದಾಮಿ ಇಡಿಯಾಗಿ ಕೊಡಲೇಬಾರದು, ಉಸಿರಿಗೆ ಅಡ್ಡವಾಗುತ್ತದೆ. ಮಗುವಿಗೆ ಇಸುಬು ಇದ್ದರೆ, ಮನೆಯವರಲ್ಲಿ ಅಲರ್ಜಿ ಇದ್ದರೆ ಮೊಟ್ಟೆ, ಕಡಲೆಕಾಯಿಗೆ ಮೊದಲು ಡಾಕ್ಟರನ್ನು ಕೇಳಿ.

ಉಪ್ಪು, ಸಕ್ಕರೆ, ಬೆಲ್ಲ ವರ್ಷ ತುಂಬುವವರೆಗೆ ಹಾಕಲಿಲ್ಲ. ಸಪ್ಪೆ ಅನ್ನಿಸುವುದು ನಮ್ಮ ನಾಲಿಗೆಗೆ. ಜೇನುತುಪ್ಪವಂತೂ ನಾಲಿಗೆಗೆ ಸವರುವುದಕ್ಕೂ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣು ವರ್ಷದೊಳಗಿನ ಮಕ್ಕಳಿಗೆ ಅಪಾಯ. ಟೀಯಲ್ಲಿ ಅದ್ದಿದ ಬಿಸ್ಕೆಟ್ ನೋಡಿದರೆ ನನಗೆ ಸಂಕಟವಾಗುತ್ತದೆ. ಕಬ್ಬಿಣ ಸೇರದಂತೆ ತಡೆಯುವುದೇ ಟೀ, ಜೊತೆಗೆ ಬರೀ ಮೈದಾ, ಸಕ್ಕರೆ.

ಬಾಯಿ ಮುಚ್ಚಿ ಮುಖ ತಿರುಗಿಸಿದರೆ ಬಟ್ಟಲು ಕೆಳಗಿಟ್ಟುಬಿಡುತ್ತಿದ್ದೆ. ಮೊಬೈಲ್ ತೋರಿಸಿ ತುರುಕುವುದು ನಮ್ಮ ಮನೆಯಲ್ಲಿ ಇಲ್ಲ. ನುಗ್ಗೆಸೊಪ್ಪನ್ನು ಉಗಿದಳು, ನಾಲ್ಕು ದಿನ ಬಿಟ್ಟು ಮತ್ತೆ ಕೊಟ್ಟೆ, ಮತ್ತೆ ಉಗಿದಳು. ಹೊಸ ರುಚಿಯನ್ನು ಮಕ್ಕಳು ಒಪ್ಪಲು ಎಂಟು ಹತ್ತು ಸಲ ಬೇಕಾಗುವುದು ಮಾಮೂಲಿ. ಕೊನೆಗೆ ಒಪ್ಪಿಕೊಂಡಳು.

ಅಂಗನವಾಡಿಯನ್ನು ಕೈಬಿಡಬೇಡಿ. ಬೆಂಗಳೂರಿನಲ್ಲಿ ಇದ್ದೀವಲ್ಲ, ನಮಗ್ಯಾಕೆ ಅನ್ನುವವರಿದ್ದಾರೆ. ಅಲ್ಲಿ ತೂಕ ನೋಡುತ್ತಾರೆ, ತಾಯಿ ಕಾರ್ಡಿನಲ್ಲಿ ಮಗುವಿನ ತೂಕದ ಗೆರೆ ಮೇಲೇರುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಆರು ತಿಂಗಳಾದ ಮಕ್ಕಳಿಗೆ ಸರ್ಕಾರದಿಂದಲೇ ಕಬ್ಬಿಣದ ಸಿರಪ್ ಸಿಗುತ್ತದೆ, ವಾರಕ್ಕೆ ಎರಡು ಸಲ ಒಂದೊಂದು ಎಂಎಲ್. ಆಶಾ ಕಾರ್ಯಕರ್ತೆಯನ್ನು ಕೇಳಿ. ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ.

ಒಂಬತ್ತು ತಿಂಗಳಾದ ಮೇಲೆ ಬೇರೆ ಅಡುಗೆ ಮಾಡುವುದು ಬಹುಪಾಲು ನಿಂತಿತು. ಸೊಪ್ಪಿನ ಸಾರಿಗೆ ಬೇಳೆ, ಸೊಪ್ಪು ಬೆಂದ ಕೂಡಲೇ, ಉಪ್ಪು ಖಾರ ಬೀಳುವ ಮೊದಲು ಅವಳ ಪಾಲು ತೆಗೆದಿಡುತ್ತೇನೆ. ಮಿಕ್ಸಿಗೆ ಹಾಕುವುದಿಲ್ಲ, ಬೆರಳಲ್ಲಿ ಕಿವುಚುತ್ತೇನೆ, ಸಣ್ಣ ಸಣ್ಣ ತುಣುಕು ಸಿಗುವ ಹಾಗೆ. ನಮ್ಮ ಮುದ್ದೆಯಲ್ಲೇ ಬಿಸಿ ಬಿಸಿ ಚೂರು ಮುರಿದು, ಆ ಬೇಳೆ-ಸೊಪ್ಪಿನಲ್ಲಿ ಕಲಸಿ, ತುಪ್ಪ ಹಾಕಿ ಆರಿಸಿ ಕೊಡುತ್ತೇನೆ. ಮೊದಲು ಮುದ್ದೆ ಮೆತ್ತಿಕೊಂಡು ಮುಖವೆಲ್ಲ ರಾಗಿ ಮಾಡಿಕೊಳ್ಳುತ್ತಿದ್ದಳು. ಈಗ ತಾನೇ ಚಿವುಟಿ ಬಾಯಿಗಿಟ್ಟುಕೊಳ್ಳುತ್ತಾಳೆ.