ವೈಟ್ ಬೋರ್ಡ್ ಕಾರು ಬೇರೆಯವ್ರಿಗೆ ಓಡ್ಸೋಕೆ ಕೊಡೋ ಮುಂಚೆ ಇನ್ಶೂರೆನ್ಸ್ ನೋಡ್ಕೊಳ್ಳಿ

ಸುಮ್ನೆ ನಿಂತಿರೋ ಕಾರನ್ನ ವೀಕೆಂಡ್ ಬಾಡಿಗೆಗೆ ಬಿಡೋಣ ಅಂತಿರೋರು ದಯವಿಟ್ಟು ಮೊದ್ಲು ನಿಮ್ ಇನ್ಶೂರೆನ್ಸ್ ಪಾಲಿಸಿ ಪೇಪರ್ ತೆಗ್ದು ನೋಡಿ, ಕೆಳಗಡೆ ಸಣ್ಣಕ್ಷರದಲ್ಲಿ ‘ಲಿಮಿಟೇಶನ್ಸ್ ಆ್ಯಸ್ ಟು ಯೂಸ್’ (ಗಾಡಿನ ಯಾವ್ದಕ್ಕೆ ಬಳಸ್ಬೋದು, ಯಾವ್ದಕ್ಕಿಲ್ಲ) ಅಂತಿರತ್ತೆ, ಅದ್ರಲ್ಲೇ ಹೈರ್ ಆರ್ ರಿವಾರ್ಡ್‌ಗೆ (ಅಂದ್ರೆ ಬಾಡಿಗೆಗೆ, ದುಡ್ಡಿಗೆ ಓಡ್ಸೋದಕ್ಕೆ) ಕವರ್ ಇಲ್ಲ ಅಂತ ಬರ್ದಿರತ್ತೆ. ಸೆಲ್ಫ್ ಡ್ರೈವ್ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟಲ್ಲಿ ಹಳದಿ ಅಕ್ಷರ ಇರ್ಬೇಕು, ಅದಕ್ಕೆ ರಿಜಿಸ್ಟ್ರೇಶನ್ನೂ ಪಾಲಿಸಿನೂ ಬೇರೆ.

ದುಡ್ಡಿಲ್ದೆ ಫ್ರೆಂಡ್ಸ್, ಅಣ್ತಮ್ಮಂದ್ರು ಸೇರಿ ಒಂದೇ ಕಾರು ಓಡ್ಸೋರಿಗೂ ಒಂದ್ ಮಾತು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ, ಮೋಟಾರು ವಾಹನ ಕಾಯ್ದೆ 146ನೇ ಸೆಕ್ಷನ್, ಇಲ್ದಿದ್ರೆ ಮೊದಲ ಸಲ 2,000 ರೂ. ದಂಡ. ಆದ್ರೆ ಅದು ರೋಡಲ್ಲಿರೋ ಬೇರೆಯವ್ರಿಗೆ, ಬರೀ ಥರ್ಡ್ ಪಾರ್ಟಿ ಇದ್ರೆ ನಿಮ್ ಕಾರೊಳಗೆ ಕೂತಿರೋ ಅಮ್ಮಂಗೆ ಪೆಟ್ಟಾದ್ರೆ ಆ ಪಾಲಿಸಿಯಿಂದ ಏನೂ ಬರಲ್ಲ. 15 ಲಕ್ಷದ ಪರ್ಸನಲ್ ಆ್ಯಕ್ಸಿಡೆಂಟ್ ಕವರ್ ಕೂಡ ಆರ್‌ಸಿಲಿ ಹೆಸ್ರಿರೋ ಓನರ್‌ಗೆ ಮಾತ್ರ, ಅವತ್ತು ಸ್ಟೀರಿಂಗ್ ಹಿಡ್ದಿರೋ ತಮ್ಮಂಗಲ್ಲ. ನಮ್ಮನೇಲಿ ಇದು ಗೊತ್ತಾದ್ಮೇಲೆ ರಿನ್ಯೂವಲ್‌ನಲ್ಲಿ ಪ್ಯಾಕೇಜ್ ಪಾಲಿಸಿ (ಥರ್ಡ್ ಪಾರ್ಟಿ ಜೊತೆ ನಮ್ ಕಾರಿನ ಡ್ಯಾಮೇಜಿಗೂ ಕವರ್ ಇರೋದು) ಮಾಡ್ಸಿ ‘ಅನ್‌ನೇಮ್ಡ್ ಪ್ಯಾಸೆಂಜರ್’ ಕವರ್ (ಹೆಸ್ರು ಬರೆಸ್ದೆ ಕಾರಲ್ಲಿ ಕೂತಿರೋರಿಗೆ ಸಿಗೋ ಆ್ಯಕ್ಸಿಡೆಂಟ್ ಕವರ್) ಸೇರಿಸ್ಕೊಂಡ್ವಿ, ನೀವೂ ಏಜೆಂಟ್ ಹತ್ರ ಈ ಕವರ್ ಹೆಸರು ಹಿಡಿದೇ ಕೇಳಿ, ಕೇಳ್ದೆ ಹಾಕಲ್ಲ ಅವ್ರು.